ಮೂರು ಸುತ್ತು ಗುಂಡು

ಪೆಟ್ಟಿಗೆ ಹೊರಗೆ ಒಯ್ಯಲು ಜಾಗ ಸಾಲದೆಂದು ಅಣ್ಣ ಬಾಗಿಲನ್ನೇ ಕಳಚುತ್ತಿದ್ದ. ಕೈ ಜಾರಿ ಬಾಗಿಲು ಧಡಾರನೆ ಬಿತ್ತು. ಮಗಳು ಎದೆ ಹಿಡಿದುಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಕಡೆ ತಿರುಗಿದಳು. ಅಡುಗೆಮನೆಯಿಂದ ಅಮ್ಮ ಓಡಿಬಂದಳು. ನಲವತ್ತು ವರ್ಷದ ಅಭ್ಯಾಸ. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದ ಮನುಷ್ಯ ಇವತ್ತು ಅಲುಗಾಡಲಿಲ್ಲ.

ಯುದ್ಧದಿಂದ ಬಂದವರೇ ಅಪ್ಪ ಸೈಕಲ್ ಅಂಗಡಿ ಇಟ್ಟಿದ್ದರು. ಟೈರ್ ಸಿಡಿಯುವುದಕ್ಕೆ ಹೆದರುವವರು ಸೈಕಲ್ ಅಂಗಡಿ ಇಡುತ್ತಾರೆಯೇ? ಇಟ್ಟರು, ಗೊತ್ತಿದ್ದ ಕೆಲಸ ಅದೊಂದೇ. ಸದ್ದಾಗದಿರಲೆಂದು ಹಳೆ ಟ್ಯೂಬು ಕತ್ತರಿಸಿ ಮನೆಯ ಪ್ರತಿ ಚೌಕಟ್ಟಿಗೂ ಕುರ್ಚಿಕಾಲಿಗೂ ಅಂಟಿಸಿದ್ದರು. ಗಾಳಿ ಹೊಡೆಯುವವರಿಗೆಲ್ಲ 'ಮೆಲ್ಲಗೆ, ಮೆಲ್ಲಗೆ' ಅನ್ನುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಮೆಲ್ಲಗೆ ಮಾಮ ಆಗಿದ್ದರು.

"ಹನ್ನೊಂದಕ್ಕೆ ಸೈನ್ಯದವರು ಬರ್ತಾರೆ. ಗೌರವಕ್ಕೆ ಏಳು ಬಂದೂಕು, ಮೂರು ಸುತ್ತು. ನಾನೇ ಅರ್ಜಿ ಕೊಟ್ಟಿದ್ದು," ಅಂದ ಅಣ್ಣ.

ಮಗಳು ಅವನ ತೋಳು ಹಿಡಿದಳು. "ಅಪ್ಪ ಗುಂಡು ಬೇಡ ಅಂದಿದ್ರು ಕಣೋ! ನಾನು ಮಾತು ಕೊಟ್ಟಿದೀನಿ."

"ಇಡೀ ಬೀದಿ ಪುಕ್ಕಲ ಅಂತ ಆಡ್ಕೊಂಡು ನಕ್ಕಿದೆ. ಇವತ್ತಾದ್ರೂ ಗೊತ್ತಾಗ್ಲಿ ಅವರು ಯಾರು ಅಂತ."

ಅವನ ಕಣ್ಣು ತುಂಬಿತ್ತು. ಅವಳಿಗೆ ಜಗಳವಾಡಲೂ ಆಗಲಿಲ್ಲ.

ಪೆಟ್ಟಿಗೆ ಎತ್ತುವಾಗ ಎದುರುಮನೆ ಕ್ಷೌರಿಕ ಮೂಗು ಒರೆಸಿಕೊಂಡ. "ಮೆಲ್ಲಗೆ ಎತ್ರಪ್ಪಾ. ಇಲ್ದಿದ್ರೆ ಎದ್ದು ಕೂತು ಬೈತಾನೆ."

*

ಒಮ್ಮೆ ಅಂಗಡಿ ಮುಂದೆ ಲಾರಿ ಟೈರ್ ಸಿಡಿದಿತ್ತು. ಅಪ್ಪ ಬೆಂಚಿನ ಕೆಳಗೆ ಮುದುಡಿಕೊಂಡಿದ್ದರು. ಅಮ್ಮ ಮೊಣಕಾಲೂರಿ ಎರಡೂ ಅಂಗೈಯಿಂದ ಅವರ ಕಿವಿ ಮುಚ್ಚಿ, "ಆಯ್ತು ರೀ, ಮುಗೀತು" ಅನ್ನುತ್ತಿದ್ದಳು.

ಸಂಜೆ ಅಪ್ಪ ಮಗಳ ಕೈ ಹಿಡಿದುಕೊಂಡರು.

"ನನ್ನ ಜೊತೆಗಾರ ಗುಂಡಿಗೇ ಸತ್ತ. ಗೌರವ ಅಂತ ಅವನ ತಲೆ ಹತ್ರ ನಿಂತು ಮತ್ತೆ ಗುಂಡು ಹಾರಿಸಿದ್ವಿ. ನಾನೂ ಹಾರಿಸ್ದೆ ಮಗಳೇ. ಕೊನೇಗೆ ಕೇಳಿದ ಸದ್ದನ್ನೇ ಅವನಿಗೆ ಮತ್ತೆ ಕೇಳಿಸ್ದಂಗಾಯ್ತು. ನಂಗೆ ಅದು ಬೇಡ."

*

ಸ್ಮಶಾನದಲ್ಲಿ ಏಳು ಜನ ಸಾಲಾಗಿ ನಿಂತಿದ್ದರು. ಮಗಳು ಹವಾಲ್ದಾರನ ಹತ್ತಿರ ಓಡಿದಳು.

"ನಿಲ್ಸೋಕಾಗಲ್ವಾ ಸಾರ್?"

"ಆರ್ಡರ್ ಆಗಿದೆ ತಾಯಿ, ನನ್ನ ಕೈಲಿಲ್ಲ." ಅವಳ ಮುಖ ನೋಡಿ ಅವನು ದನಿ ತಗ್ಗಿಸಿದ. "ಹುಡುಗರನ್ನ ದೂರ, ಗೇಟ್ ಹತ್ರ ನಿಲ್ಲಿಸ್ತೀನಿ. ಅಷ್ಟು ಮಾಡಬಹುದು."

ಗೇಟು ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ. ಅವಳು ಅಮ್ಮನ ಬಳಿ ಓಡಿದಳು. "ಅಮ್ಮಾ, ಈಗ ಹಾರಿಸ್ತಾರೆ. ಏನ್ ಮಾಡ್ಲಿ?"

ಅಮ್ಮ ಇನ್ನೂ ಮುಚ್ಚಿರದ ಪೆಟ್ಟಿಗೆಯ ಬಳಿ ಹೋಗಿ ಮೊಣಕಾಲೂರಿದಳು. ಎರಡೂ ಅಂಗೈಯಿಂದ ಗಂಡನ ಕಿವಿ ಮುಚ್ಚಿದಳು.

ಮೊದಲ ಸುತ್ತು ಹಾರಿತು. ಎದೆಯುಬ್ಬಿಸಿ ನಿಂತಿದ್ದ ಅಣ್ಣ ಅಮ್ಮನನ್ನು ನೋಡಿದ. ಎರಡನೆಯದಕ್ಕೆ ಅವನ ತಲೆ ಬಾಗಿತ್ತು. ಮೂರನೆಯದು ಮುಗಿದು ಹೊಗೆ ಕರಗಿದ ಮೇಲೆ ಅಮ್ಮ ಬಗ್ಗಿದಳು. "ಆಯ್ತು ರೀ, ಮುಗೀತು."

ಮುಚ್ಚಳ ಹಾಕಲು ಬಂದವರನ್ನು ಅಣ್ಣ ತಡೆದ. ತಾನೇ ಎತ್ತಿದ. ಮರಕ್ಕೆ ಮರ ತಾಗಿ ಸದ್ದಾಗದಂತೆ ಅಂಚಿನಡಿ ತನ್ನ ಬೆರಳುಗಳನ್ನು ಇಟ್ಟುಕೊಂಡೇ ಅದನ್ನು ಇಳಿಸಿದ.