ಹರಿಯುವ ರಕ್ತದ ಪರ ನಿಂತ ಪಂಪು

ನಾನು ಒಂದು ಪುಟ್ಟ ಪಂಪು. ಹುಟ್ಟಿದ್ದು ಪೀಣ್ಯದ ವರ್ಕ್‌ಶಾಪೊಂದರಲ್ಲಿ. ನನ್ನ ಹೊಟ್ಟೆಯಲ್ಲಿ ಮೂರು ಉರುಳೆಗಳಿವೆ. ಅವು ಸುತ್ತುತ್ತ ರಬ್ಬರ್ ನಳಿಗೆಯನ್ನು ಒತ್ತಿದರೆ ಒಳಗಿನ ದ್ರವ ಮುಂದಕ್ಕೆ ಹರಿಯುತ್ತದೆ.

ಮೊದಲು ಹುಬ್ಬಳ್ಳಿಯ ಶರಬತ್ತಿನ ಕಾರ್ಖಾನೆಯಲ್ಲಿ ಬಾಟಲಿ ತುಂಬಿಸುತ್ತಿದ್ದೆ. ಅದು ಮುಚ್ಚಿದಾಗ ಗುಜರಿ ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವಳು ತಬಸ್ಸುಮ್ ನದಾಫ್. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ.

ಅಲ್ಲಿ ಕ್ಯಾನ್ಸರಿಗೆ ಹೊಸ ಔಷಧ ಸಿದ್ಧವಾಗಿತ್ತು. ಕಣ್ಣಿಗೆ ಕಾಣದ ಕಣಗಳೊಳಗೆ ಔಷಧ. ಗಾಜಿನ ಡಿಶ್ಶಿನಲ್ಲಿ, ನಿಂತ ದ್ರವದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಸುರಿದರೆ ಅವು ಗಬಗಬನೆ ನುಂಗಿ ಸಾಯುತ್ತಿದ್ದವು. ಅವಳ ಮಾರ್ಗದರ್ಶಕರಾದ ಇಂಚಲ ಸರ್ ಬೀಗುತ್ತಿದ್ದರು. ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಲು ಒಪ್ಪಿಗೆ ಕೊಡುವ ಮೀಟಿಂಗು ಹತ್ತಿರವಿತ್ತು. ತಬಸ್ಸುಮಳಿಗೆ ಮಾತ್ರ ಅನುಮಾನ: ಮೈಯೊಳಗೆ ರಕ್ತ ಹೀಗೆ ನಿಂತಿರುವುದಿಲ್ಲವಲ್ಲ? ಅವಳು ನನಗೆ ಹೊಸ ನಳಿಗೆ ತೊಡಿಸಿ, ಔಷಧವನ್ನು ಕೋಶಗಳ ಮೇಲೆ ಹರಿಸಿದಳು. ಕಣಗಳು ಕೋಶಗಳನ್ನು ಸವರಿಕೊಂಡು ಕೊಚ್ಚಿಹೋದವು. ಒಳಹೊಕ್ಕದ್ದು ಅತ್ಯಲ್ಪ.

"ಪಂಪ್ ಕೆಟ್ಟದ. ತಗದು ಒಗಿ! ಮೀಟಿಂಗಿನಾಗ ಡಿಶ್ಶಿಂದಷ್ಟ ತೋರ್ಸು," ಎಂದರು ಸರ್.

"ಒಗಿಯಂಗಿಲ್ರಿ ಸರ್. ರಕ್ತ ನಿಂತರ ಮನಷಾ ಉಳೀತಾನೇನ್ರಿ? ನಮ್ಮ ಅಮ್ಮೀಗೆ ಕೊಟ್ಟ ಔಷಧನೂ ಹರಿಯೋ ರಕ್ತದಾಗ ಹೋತು. ಆಕೀ ಉಳೀಲಿಲ್ಲ."

ಮರುದಿನ ಅವಳು ಪಕ್ಕದ ವಿಭಾಗದಿಂದ ಹೊಚ್ಚಹೊಸ ಪಂಪು ತಂದು ಪರೀಕ್ಷಿಸಿದಳು. ಅದೂ ನನ್ನ ಮಾತನ್ನೇ ಹೇಳಿತು. ಆಮೇಲೆ ನನ್ನ ವೇಗವನ್ನು ಇಳಿಸುತ್ತ ಬಂದಳು. ಹರಿವು ಮೆಲ್ಲಗಾದಾಗ ಆಶ್ಚರ್ಯ! ಆ ಹಗುರ ಉಜ್ಜುವಿಕೆಗೆ ಕೋಶಗಳು ನಿಂತ ದ್ರವದಲ್ಲಿದ್ದಾಗಿನದಕ್ಕಿಂತ ಹೆಚ್ಚು ಔಷಧ ಎಳೆದುಕೊಂಡವು. ಹರಿವು ಜೋರಾದರೆ ಮತ್ತೆ ಖಾಲಿ.

ಮೀಟಿಂಗಿಗೆ ನನ್ನನ್ನು ಕಂಕುಳಲ್ಲಿಟ್ಟುಕೊಂಡೇ ಹೋದಳು. ಹೊರಗಿನಿಂದ ಬಂದ ತಜ್ಞರ ಮುಂದೆ ಎಲ್ಲವನ್ನೂ ತೋರಿಸಿದಳು.

"ಕುಂದರು!" ಸರ್ ಗದರಿದರು.

"ಮುಗಿಸೇ ಕುಂದರ್ತೀನ್ರಿ," ಎಂದಳು.

ರೋಗಿಗಳ ಮೇಲಿನ ಪರೀಕ್ಷೆ ನಿಂತಿತು. ಸರ್ ಅವಳ ಕೈಬಿಟ್ಟರು. ಅವಳು ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡಳು, ಹರಿವಿನಲ್ಲೂ ಕೋಶವನ್ನು ಕಚ್ಚಿ ಹಿಡಿಯುವ ಕಣಗಳಿಗಾಗಿ ಮತ್ತೆ ಮೊದಲಿನಿಂದ ದುಡಿದಳು. ವರ್ಷಗಳು ಹಿಡಿದವು. ಕಡೆಗೊಂದು ಮಧ್ಯಾಹ್ನ, ನಾನು ಜೋರಾಗಿ ಹರಿಸುತ್ತಿದ್ದಾಗಲೇ ಕಣಗಳು ಕಚ್ಚಿದವು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ತಬಸ್ಸುಮ್ ಅತ್ತಳು.

ಈಗ ನನ್ನ ಮೋಟಾರು ಸುಟ್ಟಿದೆ. ಕಪಾಟಿನ ಮೇಲೆ ಧೂಳು ತಿನ್ನುತ್ತ ಕೂತಿದ್ದೇನೆ. ಕೆಟ್ಟ ಪಂಪು ಅಂತ ಈಗ ಯಾರಾದರೂ ಅನ್ನಲಿ, ಒಪ್ಪುತ್ತೇನೆ. ಆದರೆ ಸರ್ ಅಂದ ದಿನ ನಾನು ಕೆಟ್ಟಿರಲಿಲ್ಲ.