ಸೋದರಮಾವನ ಮುಯ್ಯಿ

ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ ಕಾಯಿಲೆಯವರನ್ನು ಆಸ್ಪತ್ರೆಗೆ ತರುವುದು ಒಂದು ಕಷ್ಟ. ತಂದ ಮೇಲೆ, ಜೊತೆಯಲ್ಲಿ ಬಂದವರು ಎಲ್ಲಿರಬೇಕು ಅನ್ನುವುದು ಇನ್ನೊಂದು ಕಷ್ಟ. ಮೊದಲನೆಯದಕ್ಕೆ ಊರಲ್ಲಿ ಯಾರದಾದರೂ ಗಾಡಿ ಸಿಗುತ್ತಿತ್ತು. ಎರಡನೆಯದಕ್ಕೆ ಆಸ್ಪತ್ರೆ ಮುಂದಿನ ಹೊಂಗೆ ಮರ ಒಂದೇ ಗತಿ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದ ಮಾತು ಇದು. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ದಿಬ್ಬ ಬಂದರೆ ಮುದುಕರ ಹಾಗೆ ಏದುಸಿರು ಬಿಡುತ್ತಾ ಹತ್ತುತ್ತಿದ್ದವು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಬೆಳಗಾಯಿತೆಂದರೆ ಮಗ್ಗದ ಸದ್ದು. ಊರಂಚಿಗೆ ಒಂದು ಸಣ್ಣ ಧರ್ಮಾಸ್ಪತ್ರೆ. ಔಷಧಿಗೆ ಸೀಸೆ ಮನೆಯಿಂದಲೇ ತರಬೇಕು. ಸೀಸೆಗೆ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಇಷ್ಟು ಕುಡಿ ಅಂತ ಗುರುತು ಮಾಡಿ ಕೊಡುತ್ತಿದ್ದರು. ಆ ಕೆಂಪು ಔಷಧಿಯ ರುಚಿ ನೆನೆದರೆ ಹಳಬರು ಇವತ್ತಿಗೂ ಮುಖ ಸಿಂಡರಿಸುತ್ತಾರೆ, ಆಮೇಲೆ ಅದನ್ನೇ ಸುಖವಾಗಿ ನೆನೆದು ನಗುತ್ತಾರೆ.

ಆ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಂಜಿನಪ್ಪ. ಮಾತು ಒರಟು, ಕೈ ಮೆತ್ತಗೆ. ಅವನು ಪಟ್ಟಿ ಬಿಚ್ಚಿದರೆ ನೊಣ ಎದ್ದಷ್ಟೂ ತಿಳಿಯುವುದಿಲ್ಲ ಅಂತ ಜನ ಹೇಳುತ್ತಿದ್ದರು. ಯಾರ ಹತ್ತಿರವೂ ಒಂದು ಕಾಸು ಮುಟ್ಟಿದವನಲ್ಲ.

ಅವತ್ತು ಬೆಳಿಗ್ಗೆ ಅವನು ಚಿಕ್ಕಬೀರಪ್ಪನ ಕಾಲಿನ ಪಟ್ಟಿ ಬಿಚ್ಚುತ್ತಿದ್ದ. ದೊಡ್ಡಬೆಳವಂಗಲದ ರೈತ. ಗುದ್ದಲಿ ಏಟು ಮೊಣಕಾಲ ಕೆಳಗೆ ಬಿದ್ದು, ಮನೆಯಲ್ಲೇ ಸೊಪ್ಪು ಸಗಣಿ ಮೆತ್ತಿ, ಕೀವು ತುಂಬಿದ ಮೇಲೆ ಬಂದಿದ್ದ. ಕಾಲು ಉಳಿಯುವುದು ಕಷ್ಟ ಅಂತ ಡಾಕ್ಟರೇ ಅಂದಿದ್ದರು. ಈಗ ನೋಡಿದರೆ ಗಾಯದ ಒಳಗೆ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಸ ಮಾಂಸ.

“ನೋಡಮ್ಮ, ಗೆದ್ವಿ,” ಅಂದ ಆಂಜಿನಪ್ಪ, ಚಿಕ್ಕಬೀರಪ್ಪನ ಹೆಂಡತಿಯ ಕಡೆ ತಿರುಗಿ.

ಅಮ್ಮಯಮ್ಮ ಸೊಂಟದ ಮೇಲಿದ್ದ ಕೂಸಿನ ಮೂಗು ಸೆರಗಲ್ಲಿ ಒರೆಸಿದಳು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ. ಶನಿವಾರ ನಮ್ಮೂರ ಗಾಡಿ ಸಂತೆಗೆ ಬರ್ತದೆ. ಅದ್ರಾಗೆ ಹೊಂಟೋಗ್ತೀವಿ.”

“ಹೊಂಟೋಗ್ತೀರಾ? ಎಲ್ಲಿಗೆ?”

“ಮನೆಗೆ.”

“ಕಾಲು ಇಲ್ಲೇ ಬಿಟ್ಟು ಹೋಗ್ತೀರೇನಮ್ಮ? ಈಗ ಹೋದ್ರೆ ಮತ್ತೆ ಸಗಣಿ ಮೆತ್ತುತೀರಿ. ಆಮೇಲೆ ಕಾಲು ಕುಯ್ಯೋಕೇ ಬರ್ಬೇಕು.”

ಅವಳು ಸಿಟ್ಟಾಗಲಿಲ್ಲ. ಕಿಟಕಿಯಾಚೆ ಹೊಂಗೆ ಮರ ತೋರಿಸಿದಳು. ರಾತ್ರಿ ಬಿದ್ದ ಮುಂಗಾರು ಮಳೆಗೆ ಅವಳ ಮೂರು ಕಲ್ಲಿನ ಒಲೆ ಕೆಸರಲ್ಲಿ ಮುಳುಗಿತ್ತು.

“ಬಿಸ್ಲಾಗಿದ್ದಷ್ಟು ದಿನ ಮರ ಸಾಕಿತ್ತು ಸ್ವಾಮಿ. ಈಗ ಹಿಟ್ಟೂ ನೆನೀತು, ಕೂಸೂ ನೆನೀತು. ಇವರ ಕಾಲು ಉಳ್ಸೋಕೆ ಹೋಗಿ ಈ ಕೂಸನ್ನ ಕಳ್ಕೊಂಡ್ರೆ ನಾನು ಯಾರ್ನ ಕೇಳ್ಲಿ?”

ಆಂಜಿನಪ್ಪ ಆ ಒಲೆಯ ಕಡೆ ಒಂದು ಸಲ ನೋಡಿ, ಹೊಸ ಪಟ್ಟಿ ಸುತ್ತತೊಡಗಿದ. ಪಟ್ಟಿಯ ಗಂಟು ಎರಡು ಸಲ ತಪ್ಪಿತು.

ಸ್ವಲ್ಪ ಹೊತ್ತಿಗೆ ಬೈಲಪ್ಪ ಬಂದ. ಊರಿನ ಹಿರಿಯ ನೇಕಾರ, ಆಂಜಿನಪ್ಪನ ಬೀದಿಯವನೇ. ಬೆರಳು ಕೊಯ್ದುಕೊಂಡಿತ್ತು. ಆದರೆ ಬಂದ ಕೆಲಸ ಬೆರಳಿನದಲ್ಲ.

“ಆಸ್ಪತ್ರೆ ಗೇಟಿನ ಪಕ್ಕ ಆ ಮೊಂಡು ಗೋಡೆ ಸಾವಡಿ ಐತಲ್ಲ, ಅದಕ್ಕೆ ಸೂರು ಹಾಕೋಣ ಅಂತ ಮಾಡಿದ್ದೀವಿ. ಕಾಯಿಲೆಯೋರ ಕಡೆಯೋರು ಇರೋಕೆ. ಡಾಕ್ಟ್ರಯ್ಯನೋರು ಹೂಂ ಅಂದವ್ರೆ. ಸಾಯಂಕಾಲ ಮುಯ್ಯಿ ಇಟ್ಕೊಂಡಿದ್ದೀವಿ. ಬಾರಪ್ಪ.”

ಮುಯ್ಯಿ ಅಂದರೆ ಗೊತ್ತಲ್ಲ, ಮದುವೆ ಚಪ್ಪರದಲ್ಲಿ ಹೆಸರು ಕೂಗಿ ಹಾಕುವ ಉಡುಗೊರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಸಾವಡಿಗೂ ಹಾಗೇ, ದುಡ್ಡಿನ ಬದಲು ಹೆಂಚು, ಬಿದಿರು, ಹಗ್ಗ ತನ್ನಿ ಅಂತ ಬೈಲಪ್ಪ ಸುತ್ತಿನ ಊರಿಗೆಲ್ಲ ಹೇಳಿ ಕಳಿಸಿದ್ದ.

“ನಾನ್ಯಾಕಣ್ಣ?” ಅಂದ ಆಂಜಿನಪ್ಪ. “ಹೊತ್ತು ಹುಟ್ಟಿದಾಗಿಂದ ಇವರ ಕೀವು ತೊಳೀತೀನಿ. ಇದರ ಹೆಸರೇ ಧರ್ಮಾಸ್ಪತ್ರೆ. ಧರ್ಮದ ಮ್ಯಾಲೆ ಇನ್ನೊಂದು ಧರ್ಮ ಎಷ್ಟು ಹೊರ್ಲಿ?”

“ಅದಕ್ಕೆ ಸಂಬಳ ಕೊಡ್ತಾರೆ ಕಣೋ.”

“ಕೊಡ್ತಾರೆ, ತಿಂಗಳ ಕೊನೆಗೆ ಸೀಮೆಎಣ್ಣೆಗೂ ಸಾಲಲ್ಲ.”

ನೆಲ ಒರೆಸುತ್ತಿದ್ದ ಆಯಾ ಮುನಿವೆಂಕಟಮ್ಮ ತಲೆ ಎತ್ತಿದಳು. “ಕಾಂಪೌಂಡ್ರು ಹಾಕಿದ್ರೆ ನಾನೂ ಹಾಕ್ತೀನಿ.”

ಒಳಗೆ ಔಷಧಿ ಬೆರೆಸುತ್ತಿದ್ದ ಕಾಂಪೌಂಡರ್ ಕೂಗಿದ, “ಆಂಜಿನಪ್ಪ ಹಾಕ್ಲಿ, ಆಮೇಲೆ ನೋಡನ.”

“ಸರಿ ಬಿಡಿ,” ಅಂದ ಬೈಲಪ್ಪ, ಎದ್ದು ಹೋಗುತ್ತಾ. “ಮೂರು ಜನ ಸೇರಿ ಒಂದು ಬಾಗ್ಲು ಹಿಡ್ಕೊಂಡು ನೀ ಮೊದ್ಲು ನೀ ಮೊದ್ಲು ಅನ್ನಿ. ಅಷ್ಟೊತ್ತಿಗೆ ಮಳೆ ಒಳಗೆ ಬಂದಿರ್ತದೆ.”

ಸಾಯಂಕಾಲವಾಯಿತು. ಗೋಡೆಗಳ ನಡುವೆ ಜಮಖಾನ ಹಾಸಿ, ತಟ್ಟೆಯಲ್ಲಿ ಅರಿಸಿನ ಕುಂಕುಮ, ವೀಳ್ಯದೆಲೆ ಇಟ್ಟಿದ್ದರು. ರಾಜಘಟ್ಟದಿಂದ, ಬೆಳವಂಗಲದ ಕಡೆಯಿಂದ ಗಾಡಿಗಳು ಬಂದವು. ಗಾಡಿಯ ತುಂಬ ನಾಡಹೆಂಚು, ಬಿದಿರು. ಆಂಜಿನಪ್ಪ ಆಸ್ಪತ್ರೆ ಜಗಲಿಯ ಮೇಲೆ ಕೈ ತೊಳೆಯುತ್ತಾ ನೋಡುತ್ತಿದ್ದ. ಒಳಗೊಳಗೇ ನಿರಾಳ ಆಯಿತು. ಇಷ್ಟೊಂದು ಜನ ಬಂದಿದ್ದಾರೆ, ನಾನೊಬ್ಬ ಹಾಕದಿದ್ದರೆ ಏನು ಮಹಾ? ಸೂರು ಏಳುತ್ತದೆ, ಅಮ್ಮಯಮ್ಮ ಉಳಿಯುತ್ತಾಳೆ.

ಬೈಲಪ್ಪ ಎದ್ದು ನಿಂತು ಮದುವೆಮನೆಯ ರಾಗದಲ್ಲೇ ಕೂಗಿದ, “ಮುಯ್ಯಿ ಹಾಕೋರು ಬರ್ಬೌದು.”

ಯಾರೂ ಬರಲಿಲ್ಲ.

ಇನ್ನೊಂದು ಸಲ ಕೂಗಿದ. ಜನ ಎಲೆ ಅಡಿಕೆ ಹಾಕಿಕೊಂಡರು, ಮಳೆಯ ಮಾತಾಡಿದರು. ಗಾಡಿಯ ಹೆಂಚು ಗಾಡಿಯಲ್ಲೇ ಇತ್ತು. ಒಬ್ಬ ಎತ್ತಿನ ಕೊರಳ ಗಂಟೆ ಸರಿಮಾಡುತ್ತಾ, ವಾಪಸ್ ಹೊರಡುವ ಹವಣಿಕೆಯಲ್ಲೇ ಇದ್ದ.

ಆಂಜಿನಪ್ಪ ತಡೆಯಲಾರದೆ ಇಳಿದು ಬಂದ. ರಾಜಘಟ್ಟದ ಸೊಣ್ಣಮ್ಮ ಅನ್ನುವ ಮುದುಕಿ ಗಾಡಿಯ ಮೂಕಿಗೆ ಒರಗಿ ನಿಂತಿದ್ದಳು. ತುಂಬಿದ ಗಾಡಿ ಅವಳದೇ.

“ಯಾಕಜ್ಜಿ, ಹೆಂಚು ತಂದು ಇಳಿಸದೆ ನಿಂತಿದ್ದೀಯಲ್ಲ?”

“ಸೋದರಮಾವನ ಮುಯ್ಯಿ ಬೀಳ್ದೆ ಊರೋರು ಹಾಕ್ತಾರೇನಪ್ಪ? ಯಾವೂರ ಪದ್ಧತಿ ಅದು?”

“ಈ ಗೋಡೆಗೆ ಯಾವ ಸೋದರಮಾವ?”

“ನೀವೇಯ,” ಅಂದಳು ಮುದುಕಿ. “ಆಸ್ಪತ್ರೆಯೋರು. ಇದು ನಿಮ್ಮನೆ ಲಗ್ನ. ನೀವೇ ದೂರ ನಿಂತ್ರೆ ನಾವೇನು ತಿಳ್ಕಾಬೇಕು? ಇದು ಆಗೋ ಕೆಲ್ಸ ಅಲ್ಲ ಅಂತ ಒಳಗಿರೋರಿಗೆ ಗೊತ್ತಿರ್ಬೇಕು ಅನ್ಕೊತೀವಿ. ಇಲ್ಲಾ, ಸೂರು ಆದ್ಮೇಲೆ ಬೀಗ ಜಡ್ದು, ಒಳಗೆ ಬಿಡೋಕೆ ಕಾಸು ಕೇಳ್ತಾರೇನೋ ಅನ್ಕೊತೀವಿ.”

ಆಂಜಿನಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. “ಕಾಸಾ? ನಾನಾ?”

“ನಿನ್ನ ನಾನು ಬಲ್ಲೆನೇನಪ್ಪ?” ಮುದುಕಿಯ ದನಿಯಲ್ಲಿ ಕೊಂಕಿರಲಿಲ್ಲ. “ಗಾಯ ಆದಾಗ ಬರ್ತೀವಿ, ವಾಸಿ ಆದ್ರೆ ಹೋಗ್ತೀವಿ. ನಮ್ಮ ಹಬ್ಬಕ್ಕೆ ನೀವಿಲ್ಲ, ಸಾವಿಗೆ ನೀವಿಲ್ಲ. ಮುಯ್ಯಿ ಹಾಕಿದೋನಾದ್ರೆ ನೆಂಟ. ನೆಂಟ ಬಾಡಿಗೆ ಕೇಳಲ್ಲ ಅನ್ನೋ ಧೈರ್ಯ ನಮಗೆ.”

ಬೈಲಪ್ಪ ಹತ್ತಿರ ಬಂದು ನಿಂತಿದ್ದ. ಮೆಲ್ಲಗೆ ಅಂದ, “ಬೆಳಿಗ್ಗೆ ನಾನು ನಿನ್ನ ಕೇಳಿದ್ದು ಹೆಂಚಿಗೋಸ್ಕರ ಅಲ್ಲ ಕಣೋ. ಹೆಂಚು ಈ ಗಾಡಿಗಳಲ್ಲೇ ಬೇಕಾದಷ್ಟೈತೆ. ಅದನ್ನ ಇಳ್ಸೋಕೆ ನಿನ್ನ ಕೈ ಬೇಕಿತ್ತು.”

ತಾನು ಸುಮ್ಮನಿದ್ದೆ, ಅಷ್ಟೇ ಅಂತ ಆಂಜಿನಪ್ಪ ಅಂದುಕೊಂಡಿದ್ದ. ಒಳಗಿರುವವನು ಸುಮ್ಮನಿದ್ದರೆ ಹೊರಗಿರುವವರಿಗೆ ಅದೂ ಒಂದು ಮಾತಾಗಿ ಕೇಳಿಸುತ್ತದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ. ಮರದ ಕೆಳಗೆ ಅಮ್ಮಯಮ್ಮ ಒದ್ದೆ ಸೌದೆ ಊದುತ್ತಿದ್ದಳು. ಹೊಗೆ ಎದ್ದಿತೇ ಹೊರತು ಬೆಂಕಿ ಇಲ್ಲ. ಈ ಗಾಡಿಗಳು ಹೀಗೇ ವಾಪಸ್ ಹೋದರೆ ಅವಳೂ ಹೋಗುತ್ತಾಳೆ. ಕಾಲೂ ಹೋಗುತ್ತದೆ.

ಅವನು ಸರಸರ ಮನೆ ಕಡೆ ನಡೆದ. ಆಸ್ಪತ್ರೆ ಹಿಂದಿನ ಬೀದಿಯಲ್ಲೇ ಅವನ ಮನೆ. ದನದ ಕೊಟ್ಟಿಗೆಗೆ ಅಂತ ಹಿತ್ತಲಲ್ಲಿ ಹಳೆ ಹೆಂಚು ಪೇರಿಸಿಟ್ಟಿದ್ದ. ತಲೆಗೆ ಸಿಂಬೆ ಇಟ್ಟು, ಕುತ್ತಿಗೆ ತಡೆಯುವಷ್ಟು ಹೊತ್ತು ತಂದ. ಜನ ತಿರುಗಿ ನೋಡಿದರು. ಬೈಲಪ್ಪ ಗಂಟಲು ಸರಿಮಾಡಿಕೊಂಡ.

“ಧರ್ಮಾಸ್ಪತ್ರೆ ಡ್ರೆಸ್ಸರ್ ಆಂಜಿನಪ್ಪನೋರ ಮುಯ್ಯಿ...”

“ಹೆಸರು ಬ್ಯಾಡಣ್ಣ,” ಅಂದ ಆಂಜಿನಪ್ಪ, ಹೊರೆ ಇಳಿಸುತ್ತಾ. “ಸೋದರಮಾವನ ಮುಯ್ಯಿ ಅಂತ ಕೂಗು.”

ಗೊಳ್ಳೆಂದು ನಗು ಎದ್ದಿತು. ನಗು ಮುಗಿಯುವಷ್ಟರಲ್ಲಿ ಮುನಿವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು.

“ಸೋದರತ್ತೆ ಬ್ಯಾಡ್ವೇನು? ನನ್ನ ಹತ್ರ ಹೆಂಚಿಲ್ಲ, ಬಿದಿರಿಲ್ಲ. ಶುಕ್ರವಾರ ಶುಕ್ರವಾರ ಈ ನೆಲ ಸಾರಿಸಿ ಕೊಡ್ತೀನಿ. ಅದು ಮುಯ್ಯಿ ಅಂತ ಆಯ್ತದೋ ಇಲ್ವೋ?”

“ಆಯ್ತದೆ ತಾಯಿ,” ಅಂತ ಬೈಲಪ್ಪ ಅದನ್ನೂ ರಾಗವಾಗಿ ಕೂಗಿದ. ಕಾಂಪೌಂಡರ್ ನಾಚಿಕೊಂಡೇ ಒಂದು ಸುತ್ತು ಹಗ್ಗ ತಂದ. ಡಾಕ್ಟರ ಮನೆಯಿಂದ ಬಿದಿರು ಬಂತು. ಅಷ್ಟು ಹೊತ್ತಿಗೆ ಸೊಣ್ಣಮ್ಮನ ಗಾಡಿಯಿಂದ ಹೆಂಚು ಇಳಿಯತೊಡಗಿತ್ತು. ಆಮೇಲೆ ಹೆಸರು ಕೂಗಿ ಕೂಗಿ ಬೈಲಪ್ಪನ ಗಂಟಲೇ ಕಟ್ಟಿತು.

ಆಗಿನವರ ಕೆಲಸ ಹೇಗಿರುತ್ತಿತ್ತು ಅಂತ ಈಗ ನೆನೆಸಿಕೊಂಡರೂ ಮನಸ್ಸು ತುಂಬುತ್ತದೆ. ಹೊಲದಲ್ಲಿ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವ ಹಾಗೆ ಊರು ಊರೇ ಬಂತು. ಮೇಲೆ ಬಿದಿರು ಕಟ್ಟುವವರು ಕೆಳಗಿನವರನ್ನು ಗೇಲಿ ಮಾಡುವರು, ಕೆಳಗಿನವರು ಅವರ ಬುತ್ತಿ ಬಚ್ಚಿಡುವರು. ಶನಿವಾರ ಬರುವ ಮುಂಚೆ ಸೂರು ನಿಂತಿತು.

ಶನಿವಾರ ದೊಡ್ಡಬೆಳವಂಗಲದ ಗಾಡಿ ಬಂತು. ಸಂತೆ ಮುಗಿಸಿ ಗಾಡಿಯವನು ಗೇಟಿನ ಹತ್ತಿರ ನಿಲ್ಲಿಸಿ, “ಹತ್ತಮ್ಮ, ಹೊತ್ತಾಯ್ತು,” ಅಂದ.

ಹೊರಗೆ ಮಳೆ ಹನಿಯುತ್ತಿತ್ತು. ಅಮ್ಮಯಮ್ಮ ಸಾವಡಿಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಒಣ ನೆಲದ ಮೇಲೆ ಕೂಸು ಮಲಗಿತ್ತು.

“ನಾವು ಈಗ ಬರಾಕಿಲ್ಲ ಕಣಣ್ಣ. ಅವರ ಕಾಲು ನೆಲ ಊರೋಗಂಟ ಇಲ್ಲೇ ಇರ್ತೀವಿ. ಎಮ್ಮೆಗೆ ಹುಲ್ಲು ಹಾಕಿ ಅಂತ ನಮ್ಮತ್ತೆಗೆ ಹೇಳಿಬಿಡು.”

ಗಾಡಿ ಖಾಲಿ ಹೋಯಿತು. ಜಗಲಿಯ ಮೇಲೆ ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದ ಆಂಜಿನಪ್ಪ, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ಕೂತಿದ್ದ.

ಆಸ್ಪತ್ರೆಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸ ಎಷ್ಟು ಭಾರ ಅಂತ ಬಲ್ಲೆವು. ಅದರ ಮೇಲೆ ಇನ್ನೊಂದು ಹೊರೆ ಹೊರಿಸುವುದಕ್ಕೆ ಈ ಕಥೆ ಹೇಳಲಿಲ್ಲ. ರೋಗಿಗಳ ಕಡೆಯವರಿಗೆ ಊಟವೋ, ಬಡವರ ಔಷಧಿಗೆ ನಿಧಿಯೋ, ರಕ್ತದಾನದ ಶಿಬಿರವೋ, ನಿಮ್ಮ ಊರಿನವರು ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗ ಮೊದಲು ನಿಮ್ಮ ಕಡೆ ನೋಡುತ್ತಾರೆ. ಒಳಗಿರುವ ನೀವು ನಂಬಿದರೆ ಅವರೂ ನಂಬುತ್ತಾರೆ. ಕೈಲಾದಷ್ಟು ಕೊಡಿ. ಕೊಡಲಾಗದಿದ್ದರೆ ರಜೆಯ ದಿನದಲ್ಲಿ ಒಂದು ಗಂಟೆ ಕೊಡಿ. ದುಡ್ಡು ಯಾರ ಕೈಗೆ, ಯಾವುದಕ್ಕೆ ಹೋಗುತ್ತದೆ ಅಂತ ಧಾರಾಳವಾಗಿ ಕೇಳಿ, ಕೇಳುವುದು ತಪ್ಪಲ್ಲ. ಕೊಡದ ಜೊತೆಗಾರರನ್ನು ಹಂಗಿಸಬೇಡಿ, ಬಲವಂತದ್ದು ಮುಯ್ಯಿ ಅಲ್ಲ.

ಇವತ್ತು ಡ್ಯೂಟಿ ಮುಗಿಸಿ ಹೋಗುವಾಗ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲಿ. ಅಲ್ಲಿ ಊಟದ ಡಬ್ಬಿ ಹಿಡಿದು ಕೂತವರು ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ವಿಚಾರಿಸಿ.