ತಾತನ ಬೆಲ್ಟಿನ ಸಾಲು

ಚಾಮರಾಜಪೇಟೆಯ ಆ ಸಾರಿನಪುಡಿ ಕಾರ್ಖಾನೆಯಲ್ಲಿ ಶಿವಕುಮಾರಿ ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ. ಕೈಕೆಳಗೆ ಐವರು ಹೆಂಗಸರು. ಮಾಲೀಕ ಮಧುಸೂದನ್ ಯಾವುದೋ ಸೆಮಿನಾರಿಗೆ ಹೋಗಿಬಂದವನೇ ಎಲ್ಲರ ಕೊರಳಿಗೂ ಒಂದೊಂದು ಎಲೆಕ್ಟ್ರಾನಿಕ್ ಬಿಲ್ಲೆ ತೂಗುಹಾಕಿ, ಗೋಡೆಗೆ ಟಿ.ವಿ.ಯಂಥ ಪರದೆ ಹಾಕಿಸಿದ. ಯಾರು ಎಷ್ಟು ಓಡಾಡುತ್ತಾರೆಂದು ಆ ಪರದೆ ಹೇಳುತ್ತದಂತೆ. ಹೇಳಿತು ನೋಡಿ! ಹೆಂಗಸರು ದಿನಕ್ಕೆ ಏಳೇಳು ಕಿಲೋಮೀಟರು ಬರೀ ನಡೆಯುತ್ತಾರಂತೆ, ಅದೆಲ್ಲ ದಂಡವಂತೆ. ದಸರಾ ಹಬ್ಬ ಮುಗಿದ ಮೇಲೆ ಇಬ್ಬರನ್ನು ಬಿಡಿಸುತ್ತೇನೆ ಎಂದುಬಿಟ್ಟ.

ಶಿವಕುಮಾರಿಗೆ ರೇಗಿತು. ನಡೆಯದೆ ಹಾರಬೇಕಿತ್ತೇ? ಹುರಿಯುವುದು ಬಾಗಿಲ ಬಳಿ, ಬೀಸುವುದು ಹಿಂದಿನ ಗೋಡೆಗೆ, ಜರಡಿ ಮತ್ತೆ ಬಾಗಿಲ ಬಳಿ. ಹೀಗೇಕೆಂದು ರಿಪೇರಿಯ ಶೀನಣ್ಣನನ್ನು ಕೇಳಿದಳು. ಮುದುಕ ನಗುತ್ತ ಸೂರಿನತ್ತ ಬೆರಳು ತೋರಿಸಿದ. ಮಧುಸೂದನನ ತಾತನ ಕಾಲದಲ್ಲಿ ಇದ್ದದ್ದು ಒಂದೇ ದೊಡ್ಡ ಮೋಟಾರು. ಸೂರಿನುದ್ದಕ್ಕೂ ತಿರುಗುವ ಕಬ್ಬಿಣದ ದಂಡ, ಅದರಿಂದ ಇಳಿಬಿದ್ದ ಬೆಲ್ಟುಗಳು. ಹೆಚ್ಚು ಬಲ ಬೇಕಾದ ಬೀಸುವ ಯಂತ್ರ ಮೋಟಾರಿನ ಪಕ್ಕಕ್ಕೆ, ಉಳಿದವು ದೂರಕ್ಕೆ. ಆಮೇಲೆ ಒಂದೊಂದಕ್ಕೂ ಸ್ವಂತ ಮೋಟಾರು ಬಂತು, ಬೆಲ್ಟುಗಳು ಗುಜರಿಗೆ ಹೋದವು. ಯಂತ್ರಗಳ ಜಾಗ ಬದಲಿಸಬೇಕೆಂದು ಮಾತ್ರ ಯಾವ ಮಹಾನುಭಾವನಿಗೂ ಹೊಳೆಯಲಿಲ್ಲ.

ಆಯುಧಪೂಜೆಗೆ ಯಂತ್ರಗಳನ್ನು ಬಿಚ್ಚಿ, ಎಳೆದು, ಒರೆಸುವುದು ಅಲ್ಲಿಯ ಪದ್ಧತಿ. ಒರೆಸಿದರು. ಮರಳಿ ಇಡುವಾಗ ಶಿವಕುಮಾರಿ ಹುರಿಯುವುದು, ಬೀಸುವುದು, ಜರಡಿ ಎಲ್ಲವನ್ನೂ ಒತ್ತೊತ್ತಾಗಿ ಇಡಿಸಿದಳು. ಶೀನಣ್ಣ ವೈರು ಎಳೆದ. ಮಧುಸೂದನ್ ತಾಯಿಯೊಡನೆ ಬರುವ ಹೊತ್ತಿಗೆ ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂವು. ಗೋಡೆಯ ಪರದೆಗೂ ಅಡ್ಡಡ್ಡ ಮೂರು ಪಟ್ಟೆ ವಿಭೂತಿ. ಯಂತ್ರಗಳ ಜಾಗ ಬದಲಾದದ್ದು ಕಂಡು ಅವನ ಮುಖ ಕೆಂಪಾಯಿತು. ಆದರೆ ಪೂಜೆಯಾದ ಯಂತ್ರವನ್ನು ಅಲುಗಿಸುವುದುಂಟೇ? ತಾಯಿ ಕಣ್ಣು ಬಿಟ್ಟರು, ಅವನು ಬಾಯಿ ಮುಚ್ಚಿದ.

ವಾರದೊಳಗೆ ನಡಿಗೆ ಒಂದು ಕಿಲೋಮೀಟರಿಗೆ ಇಳಿಯಿತು. ಸಂಜೆಯ ಪುಡಿ ಮಧ್ಯಾಹ್ನಕ್ಕೇ ಪೊಟ್ಟಣ ಸೇರತೊಡಗಿತು. ಮಧುಸೂದನ್ ಹಿಗ್ಗಿ ಹೀರೇಕಾಯಿಯಾದ. ಎಲ್ಲ ತನ್ನ ಬಿಲ್ಲೆಗಳ ಮಹಿಮೆಯೆಂದು ಕಂಡಕಂಡವರಿಗೆ ಹೇಳಿಕೊಂಡ. ಶಿವಕುಮಾರಿಯನ್ನು ಕರೆದು, ಇಷ್ಟು ಬೇಗ ಕೆಲಸ ಮುಗಿಯುವುದಾದರೆ ಇಬ್ಬರಲ್ಲ, ಮೂವರು ಹೆಚ್ಚಾದರಲ್ಲ ಎಂದ.

ಅವಳು ಸೆರಗು ಸಿಕ್ಕಿಸಿಕೊಂಡು ತಣ್ಣಗೆ ಹೇಳಿದಳು:

"ಆಗ್ಲಿ ಸಾರ್. ಅವ್ರು ಮೂರು ಜನಾನೂ ಹೋಗ್ತಾರೆ, ಜೊತೆಗೆ ನಾನೂ ಹೋಗ್ತೀನಿ. ಹೋಗೋಕ್ ಮುಂಚೆ ಮಿಷಿನ್‌ಗಳನ್ನ ನಿಮ್ಮ ತಾತ ಇಟ್ಟಿದ್ದ ಜಾಗಕ್ಕೇ ಇಟ್ಬಿಡ್ತೀವಿ."

ಮಧುಸೂದನ್ ಪರದೆಯ ಮೇಲಿನ ಒಂದು ಕಿಲೋಮೀಟರನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ತಾನೇ ಎದ್ದು ಕುರ್ಚಿ ಎಳೆದು ಕೊಟ್ಟು, ಹುಳಿಪುಡಿಯನ್ನೂ ಶುರುಮಾಡಿದರೆ ಐವರು ಸಾಕಾಗುತ್ತಾರೆಯೇ ಎಂದು ಕೇಳಿದ.

"ಸಾಲಲ್ಲ ಸಾರ್," ಎಂದಳು ಶಿವಕುಮಾರಿ, ಕೂತುಕೊಳ್ಳುತ್ತ.